ಬೀಜದ ಗಡ್ಡಿ

ಪ್ರತಿ ಭಾನುವಾರ ಚಹಾ ಆದ ಮೇಲೆ ನಾನು ಬುಟ್ಟಿಯಲ್ಲಿರುವ ಈರುಳ್ಳಿಯನ್ನೆಲ್ಲ ಹಳೆಯ ಪೇಪರಿನ ಮೇಲೆ ಸುರಿದುಕೊಂಡು ಕೂರುತ್ತೇನೆ. ಒಂದೊಂದನ್ನೇ ಕೈಯಲ್ಲಿ ಹಿಡಿದು, ಬುಡ ಒತ್ತಿ, ಕುತ್ತಿಗೆ ಹಿಸುಕಿ, ತಿರುಗಿಸಿ ನೋಡಿ ಮತ್ತೆ ಬುಟ್ಟಿಗೆ ಹಾಕುತ್ತೇನೆ. ಇರುವುದು ಹೆಚ್ಚೆಂದರೆ ಒಂದೂವರೆ ಕಿಲೋ. ನಮ್ಮ ಮನೆಯವರು ಪೇಪರಿನ ಅಂಚಿನಿಂದ ನೋಡುತ್ತಾ, "ಡಾಕ್ಟರ್‌ಬಾಯಿ, ಇವತ್ತ ಎಷ್ಟ ಮಂದಿಗಿ ಅಡ್ಮಿಟ್ ಮಾಡ್ಕೊಂಡ್ರಿ?" ಎಂದು ಕೇಳುತ್ತಾರೆ. ಅವರ ಕಿರಿಕಿರಿ ಬೇರೆ ಕಾರಣಕ್ಕೆ. ನಾನು ಸುರಿದುಕೊಂಡಿರುವ ಪೇಪರಿನಲ್ಲಿ ಅವರು ಇನ್ನೂ ಓದದ ಪುಟ ಒಂದಾದರೂ ಇದ್ದೇ ಇರುತ್ತದೆ.

ಬೀದರಿನ ಚಿದ್ರಿಯಲ್ಲಿ ನಮ್ಮ ಮನೆ. ದಿನ ಬೆಳಗಾದರೆ ತರಕಾರಿ ಗಾಡಿ ಬಾಗಿಲಿಗೇ ಬರುತ್ತದೆ. ಇಂಥ ಓಣಿಯಲ್ಲಿ ಇಬ್ಬರೇ ಇರುವ ಮನೆಗೆ ಈರುಳ್ಳಿ ಕಾಪಾಡಿಕೊಳ್ಳುವ ತಾಪತ್ರಯವೇ ಇಲ್ಲ. ನನಗೂ ಗೊತ್ತು. ನಾನು ಶಾಲೆಯಲ್ಲಿ ಹಿಂದಿ ಕಲಿಸುವವಳು, ಹೊಲಕ್ಕೂ ನನಗೂ ಸಂಬಂಧ ಬಿಟ್ಟು ಯಾವ ಕಾಲವಾಯಿತೋ. ಆದರೂ ಭಾನುವಾರ ಬಂತೆಂದರೆ ಕೈ ಸುಮ್ಮನಿರುವುದಿಲ್ಲ. "ಮಗಚಿ ಹಾಕಲಿಲ್ಲಂದ್ರ ಒಳಗಿಂದೊಳಗ ಕೊಳೀತದ, ಮ್ಯಾಲ ಗೊತ್ತೇ ಆಗೂದಿಲ್ಲ" ಎನ್ನುತ್ತಿದ್ದಳು ಅಕ್ಕ. ಅವಳ ಮನೆಯಲ್ಲಿ ಮಗುಚಬೇಕಾಗಿದ್ದು ಒಂದು ಗೂಡಿನ ತುಂಬ. ನನ್ನದು ಒಂದು ಬುಟ್ಟಿ. ಅಷ್ಟೇ ವ್ಯತ್ಯಾಸ ಎಂದು ನಾನು ನಮ್ಮ ಮನೆಯವರಿಗೆ ಹೇಳುತ್ತೇನೆ. ಅವರು ನಗುತ್ತಾರೆ.

ಈರುಳ್ಳಿ ಎಂದು ಬರೆದೆ, ಬರೆಯಲು ಕುಳಿತರೆ ಹಾಗೇ ಬರುತ್ತದೆ. ಬಾಯಲ್ಲಿ ಮಾತ್ರ ಅದು ಉಳ್ಳಾಗಡ್ಡಿ. ಅಕ್ಕನ ವಿಷಯ ಬರೆಯುವಾಗ ಈರುಳ್ಳಿ ಎನ್ನಲು ಮನಸ್ಸು ಬರುವುದಿಲ್ಲ. ಇನ್ನು ಮುಂದೆ ನನ್ನ ಬಾಯಿಯ ಮಾತನ್ನೇ ಬರೆಯುತ್ತೇನೆ, ಸ್ವಲ್ಪ ಸಹಿಸಿಕೊಳ್ಳಿ.

ನೀವು ಉಳ್ಳಾಗಡ್ಡಿ ಹೂವು ನೋಡಿದ್ದೀರಾ? ಕೇಳಿದರೆ ಬಹಳ ಜನ ಅದಕ್ಕೆ ಹೂವೂ ಇದೆಯೇ ಎಂದು ನನ್ನನ್ನೇ ಕೇಳುತ್ತಾರೆ. ಅವರ ತಪ್ಪಲ್ಲ. ಬೀಜ ಬಿತ್ತಿದ ವರ್ಷ ಅದು ಗಡ್ಡಿ ಕೊಡುತ್ತದೆ, ನಾವು ಕಿತ್ತು ತಿಂದುಬಿಡುತ್ತೇವೆ. ತಿನ್ನದೆ ಉಳಿಸಿ, ಮಳೆಗಾಲವೆಲ್ಲ ಕೊಳೆಯದಂತೆ ಕಾಪಾಡಿ, ದೀಪಾವಳಿ ಹೊತ್ತಿಗೆ ಆ ಗಡ್ಡಿಯನ್ನೇ ಮತ್ತೆ ಮಣ್ಣಿಗೆ ಇಟ್ಟರೆ ಆಗ ಅದು ಉದ್ದನೆಯ ಟೊಳ್ಳು ಕಾಂಡ ಬಿಟ್ಟು, ತುದಿಯಲ್ಲಿ ಮುಷ್ಟಿ ಗಾತ್ರದ ಬಿಳಿ ಚೆಂಡು ಹೊರುತ್ತದೆ. ಜೇನು ಬಂದು ಮುತ್ತುತ್ತವೆ. ಬಿಸಿಲು ಏರಿದ ಮೇಲೆ ಚೆಂಡು ಒಣಗಿ ಒಡೆದರೆ ಒಳಗೆ ಕರಿ ಬೀಜ. ಅಂದರೆ ಬೀಜ ಬೇಕಾದವರು ತಮ್ಮ ಹೊಲದ ಎಲ್ಲಕ್ಕಿಂತ ಒಳ್ಳೆಯ ಗಡ್ಡಿಗಳನ್ನು ತಿನ್ನದೆ ಬಿಡಬೇಕು. ನನ್ನಂಥ ಜಿಹ್ವಾಚಪಲದವಳಿಗೆ ಇದು ಆಗದ ಮಾತು.

ಔರಾದ ತಾಲ್ಲೂಕಿನ ನಮ್ಮ ತವರೂರಿನಲ್ಲಿ, ಬಾವಿಯ ಪಕ್ಕದ ತುಂಡು ನೆಲದಲ್ಲಿ ಅವ್ವ ಇದನ್ನು ಮಾಡುತ್ತಿದ್ದಳು. ಹೊಲದ ತೊಗರಿ, ಜೋಳ, ಉದ್ದು ಎಲ್ಲ ಅಪ್ಪನ ಕಾರುಬಾರು. ಬಾವಿಯ ಬದಿ ಮಾತ್ರ ಅವ್ವನದು. ಹೂವಿನ ಕಾಲದಲ್ಲಿ ಆಡು ನುಗ್ಗದಂತೆ ಕಾಯಲು ನನ್ನನ್ನೂ ಅಕ್ಕನನ್ನೂ ಕಳಿಸುತ್ತಿದ್ದರು. ಅಕ್ಕ ಕಾಯುತ್ತಿದ್ದಳು. ನಾನು ಒಂದು ಕಾಂಡ ಮುರಿದು ಪೀಪಿ ಮಾಡಿ ಊದುತ್ತಿದ್ದೆ. ಬಾಯೆಲ್ಲ ಘಾಟು, ಆದರೂ ಸದ್ದು ಬರುವವರೆಗೆ ಬಿಡುತ್ತಿರಲಿಲ್ಲ. ಮನೆಗೆ ಹೋದ ಕೂಡಲೇ ಅವ್ವ ನನ್ನ ಬಾಯಿ ಮೂಸಿ ಬೆನ್ನಿಗೊಂದು ಬಿಡುತ್ತಿದ್ದಳು. ಆಡು ತಿಂದದ್ದಕ್ಕಿಂತ ನಾನು ಊದಿದ್ದೇ ಹೆಚ್ಚು ಎಂದು ಅಕ್ಕ ಮದುವೆಯಾಗಿ ಮಕ್ಕಳಾದ ಮೇಲೂ ಆಡಿಕೊಳ್ಳುತ್ತಿದ್ದಳು.

ಬೀಜವನ್ನು ಅವ್ವ ಬಟ್ಟೆಯಲ್ಲಿ ಕಟ್ಟಿ, ಒಣಗಿದ ಸೋರೆಬುರುಡೆಯಲ್ಲಿ ಬೂದಿಯ ನಡುವೆ ಇಡುತ್ತಿದ್ದಳು. ಒಂದು ಎಳ್ಳಮಾಸಿ ಹಬ್ಬಕ್ಕೆ, ಹೊಲಕ್ಕೆ ಬುತ್ತಿ ಒಯ್ಯುವ ದಿನ, ನಾನು ದೊಡ್ಡ ಹೆಂಗಸಿನಂತೆ ರೊಟ್ಟಿಗೆ ಎಳ್ಳು ಹಚ್ಚಲು ಕುಳಿತೆ. ಕೈಗೆ ಸಿಕ್ಕ ಗಂಟು ಬಿಚ್ಚಿ, ಕರಿಎಳ್ಳೆಂದುಕೊಂಡು ಸಜ್ಜಿ ರೊಟ್ಟಿಯ ತುಂಬ ಉಳ್ಳಾಗಡ್ಡಿ ಬೀಜ ಅಂಟಿಸಿದೆ. ಹೊಲದಲ್ಲಿ ಎಲ್ಲರ ಮುಂದೆ ಅಪ್ಪ ಕಚ್ಚಿ, ಅಗಿದು, ಬಹಳ ಹೊತ್ತು ಯೋಚನೆ ಮಾಡಿದರು. ಅವ್ವ ಹೊಡೆಯಬಹುದೆಂದು ನಾನು ಅಕ್ಕನ ಹಿಂದೆ ಅಡಗಿದೆ. ಅವಳು ಹೊಡೆಯಲಿಲ್ಲ. "ತಿನ್ರಿ, ಬಿತ್ತಿ ಉಳಿದಿದ್ದು ಅದು. ಮುಂದಿನ ವರ್ಷಕ್ಕ ಹ್ಯಾಂಗೂ ಏಳೂದಿಲ್ಲ" ಎಂದಳು.

ಇದೊಂದು ಮಾತು ನೆನಪಿಡಿ, ಯಾಕೆಂದರೆ ನನ್ನ ಕಥೆಯೆಲ್ಲ ಇದರ ಮೇಲೇ ನಿಂತಿದೆ. ಜೋಳದ ಬೀಜ ಇಟ್ಟರೆ ಇರುತ್ತದೆ, ತೊಗರಿ ಇರುತ್ತದೆ. ಉಳ್ಳಾಗಡ್ಡಿ ಬೀಜ ಮಾತ್ರ ವರ್ಷ ದಾಟಿ ಇನ್ನೊಂದು ಮಳೆಗಾಲ ಕಂಡಿತೆಂದರೆ ಮುಗಿಯಿತು, ನೋಡಲು ಹಾಗೇ ಕಪ್ಪಗೆ ಇರುತ್ತದೆ, ಒಳಗೆ ಜೀವ ಇರುವುದಿಲ್ಲ. ಹಾಗಾಗಿ ಪ್ರತಿ ವರ್ಷವೂ ಗಡ್ಡಿ ಉಳಿಸಬೇಕು, ನೆಡಬೇಕು, ಬೀಜ ಮಾಡಬೇಕು. ಒಂದು ವರ್ಷ ತಪ್ಪಿದರೆ ಅಜ್ಜಿ ಮುತ್ತಜ್ಜಿ ಕಾಲದಿಂದ ಬಂದದ್ದು ಅಲ್ಲಿಗೇ ನಿಲ್ಲುತ್ತದೆ.

ಅಕ್ಕನನ್ನು ಭಾಲ್ಕಿ ತಾಲ್ಲೂಕಿನ ಭಾತಂಬ್ರಾಕ್ಕೆ ಕೊಟ್ಟರು. ಕಳಿಸಿಕೊಡುವ ಹೊತ್ತಿನಲ್ಲಿ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಅರಿಶಿಣಕೊಂಬಿನ ಜೊತೆ ಅವ್ವ ಬೀಜದ ಒಂದು ಸಣ್ಣ ಗಂಟನ್ನೂ ಹಾಕಿದಳು. ಉಡಿಯಲ್ಲಿ ಉಳ್ಳಾಗಡ್ಡಿಯೇ ಎಂದು ಬೀಗರ ಕಡೆಯ ಹೆಂಗಸರು ಮುಖ ಮುಖ ನೋಡಿಕೊಂಡರು. "ನಮ್ಮವ್ವ ನನಗ ಹಾಕ್ಯಾಳ, ನಾ ನನ್ನ ಮಗಳಿಗಿ ಹಾಕ್ತೇನಿ" ಎಂದಳು ಅವ್ವ, ಅಷ್ಟೇ. ಕೆಲವು ವರ್ಷಕ್ಕೆ ನನ್ನ ಮದುವೆಯಾಯಿತು. ನನ್ನ ಉಡಿಯಲ್ಲಿ ಗಂಟು ಇರಲಿಲ್ಲ. ನಾನು ಮುಖ ಊದಿಸಿಕೊಂಡೆ. "ಬೀದರಾಗ ನಿನಗ ಹೊಲ ಎಲ್ಲದ? ಗಚ್ಚಿನ ಮ್ಯಾಲ ಬಿತ್ತತಿ?" ಎಂದು ಅವ್ವ ಅಂದಾಗ ಎಲ್ಲರೂ ನಕ್ಕರು. ಸಿಟ್ಟು ಮಾತ್ರ ನನಗೆ ಬಹಳ ದಿನ ಇತ್ತು. ಅದಕ್ಕೇ ಇರಬೇಕು, ಅಕ್ಕ ಪ್ರತಿ ಬೇಸಿಗೆಯಲ್ಲೂ ನನಗೆ ಒಂದು ಚೀಲ ಉಳ್ಳಾಗಡ್ಡಿ ತಪ್ಪದೆ ಕಳಿಸುತ್ತಿದ್ದಳು.

ಅಕ್ಕನ ಗಂಡನಿಗೆ ನಾವು ಮಾಮಾ ಎನ್ನುತ್ತೇವೆ. ಮಾಮಾ ಕುರಿ ಸಾಕುತ್ತಾರೆ, ಕುರಿ ತಿನ್ನುವುದಿಲ್ಲ. ಕೊರಳಲ್ಲಿ ತುಳಸಿಮಾಲೆ, ವರ್ಷಕ್ಕೊಮ್ಮೆ ಪಂಢರಪುರಕ್ಕೆ ನಡೆದು ಹೋಗುವ ಭಕ್ತರು. ಆಷಾಢ ಏಕಾದಶಿಯಿಂದ ಕಾರ್ತಿಕ ಏಕಾದಶಿಯವರೆಗೆ ನಾಲ್ಕು ತಿಂಗಳು ಉಳ್ಳಾಗಡ್ಡಿಯನ್ನೂ ಮುಟ್ಟುವುದಿಲ್ಲ. ಬಿಡುವ ಮುಂಚಿನ ನವಮಿಯ ದಿನ ಮಾತ್ರ ಆ ಮನೆಯಲ್ಲಿ ಉಳ್ಳಾಗಡ್ಡಿಯದೇ ಹಬ್ಬ. ಉಳ್ಳಾಗಡ್ಡಿ ಭಜಿ, ಕಡಲೆಹಿಟ್ಟಿನ ಉಳ್ಳಾಗಡ್ಡಿ ಜುಣಕ, ಉಳ್ಳಾಗಡ್ಡಿ ಥಾಲಿಪಟ್ಟಿ. ನಾಲ್ಕು ತಿಂಗಳಿನದ್ದನ್ನು ಮಾಮಾ ಒಂದೇ ಹೊತ್ತಿಗೆ ಉಣ್ಣುತ್ತಾರೆ ಎಂದು ಅಕ್ಕ ನಗುತ್ತಿದ್ದಳು. ಮಾಮಾ ಸುಮ್ಮನಿರುವವರಲ್ಲ. "ನಿಮ್ಮಕ್ಕ ನನಕಿಂತ ಗಡ್ಡಿನೇ ಜ್ವಾಕಿಲೆ ನೋಡ್ಕೋತಾಳ. ನಾ ಮಳ್ಯಾಗ ತೋಯ್ದು ಬಂದ್ರ ಟಾವೆಲ್ ಕೊಡೂದಿಲ್ಲ, ಗೂಡಿನ ಮ್ಯಾಲ ತಾಡಪತ್ರಿ ಹಾಕ್ತಾಳ" ಎನ್ನುತ್ತಿದ್ದರು.

ಗೂಡೆಂದರೆ ತೊಗರಿ ಕಟ್ಟಿಗೆಯನ್ನು ಒತ್ತಾಗಿ ಹೆಣೆದು, ಕೆಳಗೆ ಗಾಳಿ ಆಡುವಂತೆ ಕಲ್ಲಿನ ಮೇಲೆ ಎತ್ತಿ ಕಟ್ಟಿದ್ದು. ಗಡ್ಡಿಯನ್ನು ಅದರಲ್ಲಿ ಹರವಿ, ಮಳೆಗಾಲವೆಲ್ಲ ಅಕ್ಕ ಒಳಗೆ ಬಗ್ಗಿ ಕುಳಿತು ಮಗುಚುತ್ತಿದ್ದಳು. ಬೀಜದ ಗಡ್ಡಿ ಮಾತ್ರ ಆ ಗೂಡಿಗೆ ಹೋಗುತ್ತಿರಲಿಲ್ಲ. ಕಿತ್ತ ದಿನವೇ ಆರಿಸಿಡುತ್ತಿದ್ದಳು. ತೀರಾ ದೊಡ್ಡದು ಬೇಡ, ಜೋಡಿ ಇರುವುದು ಬೇಡ, ಕುತ್ತಿಗೆ ಸಣ್ಣಗಿರಬೇಕು, ಸಿಪ್ಪೆ ತುಂಬಿ ಬಿಗಿಯಾಗಿರಬೇಕು. ಅವನ್ನು ಒಣಗಿದ ಎಲೆ ಸಮೇತ ಜಡೆ ಹೆಣೆದು, ಅಡುಗೆಮನೆಯ ತೊಲೆಗೆ ಕಟ್ಟುತ್ತಿದ್ದಳು. ಒಲೆಯ ಹೊಗೆ ಆಡುವ ಜಾಗ ಅದು. ನನ್ನ ಜಡೆಯನ್ನು ಚಿಕ್ಕಂದಿನಲ್ಲಿ ಇಷ್ಟು ಅಚ್ಚುಕಟ್ಟಾಗಿ ಹೆಣೆದವಳಲ್ಲ.

ಬೀಜದಿಂದ ಏಳುವ ಸಸಿಯನ್ನು ಅಕ್ಕ ಊರಿಗೆಲ್ಲ ಹಂಚುತ್ತಿದ್ದಳು. ಕೇಳಿದವರಿಗೆ ಇಲ್ಲ ಎಂದದ್ದು ನಾನು ನೋಡಿಲ್ಲ.

ಹೋದ ವರ್ಷ ಬೀಜದ ಚೆಂಡುಗಳು ಇನ್ನೇನು ಒಣಗಬೇಕು ಎನ್ನುವ ಹೊತ್ತಿಗೆ ಆಲಿಕಲ್ಲು ಬಿತ್ತು. ಅಕ್ಕ ಫೋನು ಮಾಡಿದಳು. ಅವಳು ಅಳುವವಳಲ್ಲ, ಅವತ್ತು ಅತ್ತಳು. ಒಂದು ಚೆಂಡೂ ಉಳಿದಿರಲಿಲ್ಲ. ಪಕ್ಕದ ಮಡಿಯಲ್ಲಿದ್ದ ಗಡ್ಡಿಯ ಬೆಳೆಗೂ ಏಟು ಬಿದ್ದಿತ್ತು. ಮರುದಿನ ಮತ್ತೆ ಫೋನು ಮಾಡಿದಾಗ ದನಿ ಸರಿಯಾಗಿತ್ತು. "ಬೀಜ ಹೋದ್ರ ಹೋಗ್ಲಿ ಬಿಡು ಸರೂ, ನೆಲದಾಗ ಗಡ್ಡಿ ಅವ. ಕಿತ್ತಿ ಜಡಿ ಕಟ್ಟಿ ಇಡ್ತೇನಿ. ದೀಪಾವಳಿಗಿ ಹಚ್ಚಿದ್ರ ಮುಗೀತು, ಮತ್ತ ಬೀಜ ಬರ್ತಾವ" ಎಂದಳು. ಆ ವರ್ಷದ ಗಡ್ಡಿ ಏಟು ತಿಂದದ್ದರಿಂದ ಗೂಡಿನಲ್ಲಿ ಬೇಗ ಕೊಳೆಯಿತು, ಮಳೆಗಾಲದ ನಡುವೆಯೇ ಗೂಡು ಖಾಲಿ. ಉಳಿದದ್ದು ತೊಲೆಗೆ ಕಟ್ಟಿದ ಜಡೆಗಳು ಮಾತ್ರ.

ಭಾದ್ರಪದದ ಒಂದು ಬೆಳಿಗ್ಗೆ ಅಕ್ಕನಿಗೆ ಎದೆ ಹಿಡಿದಂತಾಯಿತು. ಭಾಲ್ಕಿ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು.

ಇದನ್ನು ಬರೆಯಲು ಎಷ್ಟು ಸಾಲು ಬೇಕೆಂದು ಬಹಳ ಯೋಚಿಸಿದ್ದೆ. ಎರಡೇ ಸಾಕಾದವು. ಅವಳು ಹೋದದ್ದೂ ಹಾಗೇ. ಹಾಸಿಗೆ ಹಿಡಿಯಲಿಲ್ಲ, ನಮ್ಮ ಕೈಯಿಂದ ಒಂದು ಲೋಟ ಗಂಜಿ ಕುಡಿಯಲಿಲ್ಲ, ಏನೂ ಹೇಳಲಿಲ್ಲ. ನನಗಿಂತ ದೊಡ್ಡವಳು ಒಬ್ಬಳು ಇದ್ದಾಳೆ ಎಂಬ ಧೈರ್ಯದಲ್ಲೇ ನನಗೆ ಕೂದಲು ಬೆಳ್ಳಗಾಗಿತ್ತು. ಆ ಧೈರ್ಯ ಒಂದು ಬೆಳಿಗ್ಗೆಗೆ ಹೋಯಿತು.

ಸತ್ತ ಮನೆಯಲ್ಲಿ ಮೂರು ದಿನ ಮನೆಯವರು ಒಲೆ ಮುಟ್ಟುವಂತಿಲ್ಲ. ಓಣಿಯ ಹೆಂಗಸರೇ ಬಂದು ಅಡುಗೆಮನೆ ವಹಿಸಿಕೊಳ್ಳುತ್ತಾರೆ. ಮನೆಯ ಹೆಂಗಸರು ಪಡಸಾಲೆಯಲ್ಲಿ ಕೂತು ಬಂದವರ ಜೊತೆ ಅಳಬೇಕು. ಮೂರನೆಯ ದಿನ ಗಂಡಸರು ಬೂದಿ ತುಂಬಿಕೊಂಡು ಬಂದ ಮೇಲೆ ಬಂದವರಿಗೆಲ್ಲ ಊಟ. ರೊಟ್ಟಿ, ಜುಣಕ, ಬೇಳೆಸಾರು. ನಾನು ಆವತ್ತಿನವರೆಗೆ ಸರಿಯಾಗಿ ಉಂಡಿರಲಿಲ್ಲ. ಯಾರೋ ತಾಟು ತಂದು ಮುಂದಿಟ್ಟು, "ಉಣ್ರಿ ಬಾಯಿ, ನಿಮ್ಮ ಅಕ್ಕನ ಮನಿದೇ ಉಳ್ಳಾಗಡ್ಡಿ" ಎಂದರು. ಒಂದು ತುತ್ತು ಬಾಯಿಗೆ ಇಟ್ಟೆ. ಅದೇ ಸಿಹಿ, ನಾಲಿಗೆಯ ತುದಿಗೆ ಬರುವ ಅದೇ ಸಣ್ಣ ಖಾರ. ನಾಚಿಕೆ ಬಿಟ್ಟು ಮತ್ತೆ ಹಾಕಿಸಿಕೊಂಡೆ. ಅಕ್ಕನೇ ಬಡಿಸಿದಂತಾಯಿತು, ಹೊಟ್ಟೆ ತುಂಬ ಉಂಡೆ. ನನ್ನ ಪಕ್ಕದಲ್ಲಿ ಅಕ್ಕನ ಸೊಸೆ ಅಂಬಿಕಾ ತಾಟನ್ನು ಮುಟ್ಟದೆ ಕುಳಿತಿದ್ದಳು. ಅತ್ತೆ ಹೋದ ದುಃಖ ಎಂದುಕೊಂಡೆ.

ಅಂಬಿಕಾ ಭಾಲ್ಕಿ ಸ್ಟೇಶನ್ ಕಡೆಯ ಹುಡುಗಿ. ಅಪ್ಪನದು ಬಳೆ ಅಂಗಡಿ. ಮದುವೆಯಾಗಿ ಬಂದಾಗ ಹೊಲ ಎಂದರೆ ಏನೆಂದು ಗೊತ್ತಿರಲಿಲ್ಲ. ಅಕ್ಕ ಅವಳಿಗೆ ಮೊದಲು ರೊಟ್ಟಿ ಬಡಿಯಲು ಕಲಿಸಿದಳು, ಆಮೇಲೆ ಕುರಿ ಎಣಿಸಲು. ಬರುವ ದೀಪಾವಳಿಗೆ ಬೀಜದ ಕೆಲಸ ಕಲಿಸುತ್ತೇನೆ ಎಂದಿದ್ದಳು. ಅಕ್ಕನ ಮಗ ಕಬ್ಬಿನ ಲಾರಿ ಓಡಿಸುವವನು, ಕಬ್ಬಿನ ಕಾಲಕ್ಕೆ ಮನೆಯಲ್ಲಿ ಇರುವುದೇ ಕಡಿಮೆ. ಹೀಗಾಗಿ ಅತ್ತೆ ಸೊಸೆಯರದೇ ಜೋಡಿ.

ತಿಂಗಳ ದಿನ ಮಾಡಲು ನಾನು ಮತ್ತೆ ಭಾತಂಬ್ರಾಕ್ಕೆ ಹೋದೆ. ಅಡುಗೆಮನೆಗೆ ಹೋಗಿ ಸುಮ್ಮನೆ ತಲೆ ಎತ್ತಿ ನೋಡಿದರೆ ತೊಲೆಗೆ ಬರೀ ಸುತಳಿ ಜೋತಾಡುತ್ತಿತ್ತು.

"ಅಂಬಿಕಾ, ಜಡಿ ಎಲ್ಲಿ ಇಟ್ಟಿ?" ಎಂದು ಕೇಳಿದೆ.

ಅವಳು ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟು ಅಲ್ಲೇ ಕುಳಿತಳು. "ಮೂರನೇ ದಿನ ಜುಣಕಕ್ಕ ಹಾಕ್ಯಾರ್ರಿ ಸಣ್ಣತ್ತಿ" ಎಂದಳು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬಹಳ ಜನ ಬಂದಿದ್ದರು. ಓಣಿಯ ಹೆಂಗಸರು ಗೂಡು ನೋಡಿದ್ದಾರೆ, ಖಾಲಿ ಇದೆ. ತಲೆ ಎತ್ತಿದರೆ ತೊಲೆಗೆ ಚೆಂದದ ಗಡ್ಡಿ. ಸತ್ತವಳಿಗೆ ಕಡಿಮೆಯಾಗಬಾರದು ಎಂದು ಎಲ್ಲ ಇಳಿಸಿ ಹೆಚ್ಚಿದ್ದಾರೆ. ಅಷ್ಟು ಒಳ್ಳೆಯ ಮನಸ್ಸಿನಿಂದ ಮಾಡಿದ್ದು, ಯಾರ ಮೇಲೆ ಸಿಟ್ಟು ಮಾಡುವುದು?

"ನೀ ನೋಡಿದ್ಯಾ?"

"ನೋಡ್ದೇನ್ರಿ. ಪಡಸಾಲ್ಯಾಗ ಕುಂತಲ್ಲಿಂದ ಕಾಣಸ್ತಿತ್ತು. ಒಬ್ಬಾಕಿ ಸುತಳಿ ಕೊಯ್ಲಿಕತ್ತಿದ್ಳು." ಅವಳ ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಹ್ಯಾಂಗ ಹೇಳ್ಲಿರಿ? ಅತ್ತಿ ಬೂದಿ ಇನ್ನಾ ಬಿಸಿ ಅದ, ಎಲ್ಲಾರು ಅಳ್ಲಿಕತ್ತಾರ. ಅಂಥಾದ್ರಾಗ ನಾ ಎದ್ದು, ಉಳ್ಳಾಗಡ್ಡಿ ಮುಟ್ಟಬ್ಯಾಡ್ರಿ ಅಂದ್ರ ಮಂದಿ ಏನಂತಿದ್ರು? ಸೊಸಿಗಿ ಉಳ್ಳಾಗಡ್ಡಿದೇ ಚಿಂತಿ ಅಂತಿದ್ದಿಲ್ಲೇನ್ರಿ? ಬಾಯಿತನಾ ಬಂತ್ರಿ. ಬಂದು ಅಲ್ಲೇ ನಿಂತ್ತು."

ನಾನಿದ್ದರೂ ಹೇಳುತ್ತಿರಲಿಲ್ಲ ಎಂದೆ. ನಿಜವೇ ಹೇಳಿದೆ. ನಮ್ಮಲ್ಲಿ ಸಾವಿನ ಮನೆಯಲ್ಲಿ ಅಳು ಬಿಟ್ಟು ಬೇರೆ ಮಾತು ಎತ್ತಿದವರನ್ನು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಅವಳ ಬೆನ್ನು ಸವರುತ್ತಾ ನನಗೆ ನನ್ನ ಎರಡನೆಯ ಸಲದ ಜುಣಕ ನೆನಪಾಯಿತು. ಉಳ್ಳಾಗಡ್ಡಿಯನ್ನೂ ಕಣ್ಣೀರನ್ನೂ ಸೇರಿಸಿ ಬರೆಯುವುದು ಬಹಳ ಸಲೀಸು. ಆದರೆ ಅಕ್ಕನ ಗಡ್ಡಿ ಕಣ್ಣಿಗೆ ಅಷ್ಟು ಘಾಟಿರಲಿಲ್ಲ. ಅವತ್ತು ನಾನು ಅತ್ತದ್ದು ಬಾಯಲ್ಲಿ ಇನ್ನೂ ಉಳಿದಿದ್ದ ಅದರ ಸಿಹಿಗೆ.

ತಿರುಗಿ ನೋಡಿದರೆ ಬಾಗಿಲಲ್ಲಿ ಮಾಮಾ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಅವತ್ತಿನ ಪಂಕ್ತಿಯಲ್ಲಿ ಆ ಗಡ್ಡಿ ತಿನ್ನದೆ ಇದ್ದವರು ಅಂಬಿಕಾಳನ್ನು ಬಿಟ್ಟರೆ ಅವರೊಬ್ಬರೇ, ಅವರಿಗೆ ನಾಲ್ಕು ತಿಂಗಳ ವ್ರತ. "ತಿಂದವ್ರು ನಮ್ಮವ್ರೇ ಅಲ್ಲಾ, ಬಿಡು" ಎಂದು ಹೇಳಿ ಕುರಿಗಳ ಕಡೆ ಹೋದರು. ಊಟಕ್ಕೆ ಕರೆದರೂ ಬರಲಿಲ್ಲ.

ನಾನು ಸುಮ್ಮನೆ ಕೂರಲಿಲ್ಲ. ಬೇಸಿಗೆಯಲ್ಲಿ ಅಕ್ಕ ಕಳಿಸಿದ್ದ ಚೀಲವನ್ನು ನಾವು ಎಂದೋ ತಿಂದು ಮುಗಿಸಿದ್ದೆವು. ಭಾತಂಬ್ರಾದಲ್ಲಿ ಅಕ್ಕನಿಂದ ಸಸಿ ಒಯ್ದವರ ಮನೆ ಮನೆಗೆ ಹೋದೆ. ಅಕ್ಕನ ಸಸಿಯ ಗಡ್ಡಿ ಒಂದಾದರೂ ಉಳಿದಿದೆಯೇ, ಮೊಳಕೆ ಬಂದಿದ್ದರೂ ಸರಿ, ಅರ್ಧ ಕೊಳೆತಿದ್ದರೂ ಸರಿ. ಕೇಳುವವಳ ಅವತಾರ ನೋಡಿ ಕೆಲವರು ಚಹಾ ಮಾಡಿಕೊಟ್ಟರು. ಎಲ್ಲರೂ ತಿಂದು ಮುಗಿಸಿದ್ದರು, ಇಲ್ಲವೇ ಮಾರಿದ್ದರು. "ನೀವು ಯಾರೂ ಬೀಜದ ಗಡ್ಡಿ ಇಡಲಿಲ್ಲೇನ್ರಿ?" ಎಂದು ಕೇಳಿದೆ. ಒಬ್ಬ ಮುದುಕಿ ಆಶ್ಚರ್ಯದಿಂದ ನನ್ನ ಮುಖ ನೋಡಿ, "ಅಕಿ ಇದ್ಳಲ್ಲವ್ವ, ನಾವ್ಯಾಕ ಇಡೋಣು?" ಎಂದಳು.

ಔರಾದಿಗೂ ಹೋದೆ. ಅವ್ವ, ಅಪ್ಪ ಇಬ್ಬರೂ ಇಲ್ಲದ ತವರಿನಲ್ಲಿ ಅಣ್ಣ ಈಗ ಹೊಲಕ್ಕೆಲ್ಲ ಸೋಯಾ ಹಾಕುತ್ತಾನೆ. ಬಾವಿಯ ಬದಿಯ ಅವ್ವನ ತುಂಡು ನೆಲದಲ್ಲಿ ತಗಡಿನ ಶೆಡ್ಡು, ಒಳಗೆ ಟ್ರ್ಯಾಕ್ಟರ್. ಹೊರಡುವಾಗ ಅತ್ತಿಗೆ ಒಂದು ಚೀಲ ಕೈಗಿಟ್ಟಳು. "ಉಳ್ಳಾಗಡ್ಡಿ ಸಲೇಕ ಬಂದಿದ್ರಿ ಅಂತ, ಬಜಾರದಿಂದ ತರಿಸೀನ್ರಿ. ಛಲೋ ಅವ" ಎಂದಳು. ಪಾಪ, ಅವಳಿಗೇನು ಹೇಳುವುದು. ಹೊತ್ತುಕೊಂಡು ಬಂದೆ.

ಕೊನೆಗೆ ಉಳಿದದ್ದು ಸೋರೆಬುರುಡೆ. ಆಲಿಕಲ್ಲಿನ ಹಿಂದಿನ ವರ್ಷದ ಬೀಜ, ಬಿತ್ತಿ ಮಿಕ್ಕಿದ್ದು, ಅದರಲ್ಲಿ ಸ್ವಲ್ಪ ಇತ್ತು. ಎರಡು ಮಳೆಗಾಲ ಕಂಡ ಬೀಜ. ಅಂಗೈಯಲ್ಲಿ ಹಾಕಿಕೊಂಡು ನೋಡಿದರೆ ಹೊಸದರಂತೆಯೇ ಮಿರಮಿರ ಕಪ್ಪು. ಏಳುವುದಿಲ್ಲ ಎಂದು ನನಗೂ ಗೊತ್ತು, ಮಾಮಾಗೂ ಗೊತ್ತು. ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ದೀಪಾವಳಿಯ ಮರುದಿನ ಮಾಮಾ ಮನೆಯ ಹಿಂದೆ ತಾವೇ ಸಸಿಮಡಿ ಮಾಡಿದರು. ಕುರಿಗೊಬ್ಬರ ಪುಡಿ ಮಾಡಿ, ಜಾಳಿಗೆಯಲ್ಲಿ ಸೋಸಿ ಹಾಕಿದರಂತೆ. ಅಂಬಿಕಾ ಬಿತ್ತಿದಳು. ಎಲ್ಲ ಮುಗಿದ ಮೇಲೆ ಮಾಮಾ ಫೋನಿನಲ್ಲಿ ಹೇಳಿದರು.

ಕಾರ್ತಿಕ ಏಕಾದಶಿ ಕಳೆದು ಸ್ವಲ್ಪ ದಿನಕ್ಕೆ ಮಾಮಾರ ಫೋನು ಬಂತು. "ಸರೂ, ಮಡ್ಯಾಗ ಹಸರು ಎದ್ದದ. ಒಮ್ಮಿ ಬಂದು ಹೋಗು."

ನಾನು ಶಾಲೆಗೆ ರಜೆ ಹಾಕಿದೆ. ಒಂದು ಡಬ್ಬಿ ಪೇಡೆ ಕಟ್ಟಿಸಿಕೊಂಡು ಭಾಲ್ಕಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ತೊಗರಿ ಹೂವು ಬಿಟ್ಟಿತ್ತು. ಪಕ್ಕದ ಸೀಟಿನವಳಿಗೆ, ಕೇಳದಿದ್ದರೂ, ನಮ್ಮ ಅವ್ವನ ಉಳ್ಳಾಗಡ್ಡಿ ಮತ್ತೆ ಎದ್ದಿದೆ ಎಂದು ಹೇಳಿದೆ. ಅವಳು ಒಳ್ಳೆಯದಾಯಿತು ಎಂದಳು. ನಾನು ಪೇಡೆ ಕೊಟ್ಟೆ.

ಮಡಿಯ ಸುತ್ತ ಅಂಬಿಕಾ ಕುರಿ ನುಗ್ಗದಂತೆ ತೊಗರಿ ಕಟ್ಟಿಗೆಯ ಬೇಲಿ ಕಟ್ಟಿದ್ದಳು. ಮೂಲೆಯ ಕಲ್ಲಿಗೆ ಅರಿಶಿಣ ಕುಂಕುಮ ಹಚ್ಚಿದ್ದಳು. ಮಡಿಯ ತುಂಬ ತೆಳ್ಳನೆಯ ಹಸಿರು. ಮೂವರೂ ಬಗ್ಗಿ ನೋಡಿದೆವು.

ಉಳ್ಳಾಗಡ್ಡಿ ಸಸಿ ಏಳುವಾಗ ನೆಟ್ಟಗೆ ಏಳುವುದಿಲ್ಲ. ಮಡಚಿದ ದಾರದಂತೆ ಬೆನ್ನು ಬಾಗಿಸಿ ಬರುತ್ತದೆ. ಆಮೇಲೆ ತಲೆ ಬಿಡಿಸಿಕೊಂಡಾಗ ತುದಿಯಲ್ಲಿ ಬೀಜದ ಕರಿ ಸಿಪ್ಪೆ ಟೋಪಿಯಂತೆ ಕುಳಿತಿರುತ್ತದೆ. ಎಲೆ ದುಂಡಗೆ ಇರುತ್ತದೆ. ಇಲ್ಲಿ ಇದ್ದವೆಲ್ಲ ಚಪ್ಪಟೆ, ನೆಟ್ಟಗೆ. ಒಂದರ ತಲೆಯ ಮೇಲೂ ಕಪ್ಪು ಇರಲಿಲ್ಲ. ಕುರಿಗೊಬ್ಬರದಲ್ಲಿ ಬಂದ ಹುಲ್ಲು ಅದು.

"ಹ್ಯಾಂಗ ಅವರಿ ಸಣ್ಣತ್ತಿ?" ಎಂದು ಅಂಬಿಕಾ ಕೇಳಿದಳು.

"ಒತ್ತಾಗಿ ಎದ್ದಾವ" ಎಂದೆ.

ಅವಳು ನಕ್ಕಳು. ಊಟಕ್ಕೆ ಹೋಳಿಗೆ ಮಾಡಿದ್ದಳು. ಉಂಡ ಮೇಲೆ ಅವಳು ಪಾತ್ರೆ ತೊಳೆಯುತ್ತಿದ್ದಾಗ ಮಾಮಾ ನನ್ನನ್ನು ಕುರಿದೊಡ್ಡಿಯ ಕಡೆ ಕರೆದರು. ಒಂದು ಮರಿಯ ಕಿವಿ ಹಿಡಿದುಕೊಂಡು, ನನ್ನ ಮುಖ ನೋಡದೆ ಹೇಳಿದರು. "ಹುಲ್ಲದ. ಎದ್ದ ದಿನಾನೇ ನನಗ ಗೊತ್ತಾಗ್ಯಾದ."

"ಮತ್ತ ಯಾಕ ಕರದ್ರಿ ಮಾಮಾ?"

"ಅಕಿಗಿ ಹೇಳಬ್ಯಾಡ ಅಂತ ಹೇಳ್ಲಿಕ್ಕ. ನೀ ಎಂದಾದ್ರೂ ಸುಮ್ಮ ಬಂದು, ನೋಡಿ, ಥಟ್ಟನೆ ಅಂದೀ ಅಂತ ಅಂಜಿಕಿ ಆಯ್ತು. ಅವತ್ತಿಲಿಂದ ಆ ಪೋರಿ ಹೊಟ್ಟಿ ತುಂಬ ಉಂಡಿದ್ದಿಲ್ಲ ಸರೂ. ನನ್ನ ಮುಂದ ತಲಿ ಎತ್ತತಿದ್ದಿಲ್ಲ. ಹಸರು ಕಂಡ ಮ್ಯಾಲ ಉಣ್ಲಿಕತ್ಯಾಳ. ಅದಕ್ಕ ದಿನಾ ನೀರು ಹಾಕ್ಲಿಕತ್ತೀನಿ."

ಮಾಮಾ ಅಳುವುದನ್ನು ನಾನು ಅಕ್ಕನ ಚಿತೆಯ ಮುಂದೆಯೂ ನೋಡಿರಲಿಲ್ಲ. ಆಗ ನೋಡಿದೆ.

ಸಂಜೆ ಬಸ್ಸಿಗೆ ಬಿಡಲು ಅಂಬಿಕಾ ಬಂದಳು. ನನ್ನ ಚೀಲ ಹಿಡಿದುಕೊಂಡು ನಡೆದಳು. ಬಸ್ಸಿನ ಸದ್ದು ಕೇಳಿದ ಮೇಲೆ ಒಮ್ಮೆಲೇ, "ಸಣ್ಣತ್ತಿ, ಒಂದು ಮಾತ್ರಿ. ಮಾವಗ ಹೇಳಬ್ಯಾಡ್ರಿ" ಎಂದಳು.

"ಏನವ್ವ?"

"ಅದು ಉಳ್ಳಾಗಡ್ಡಿ ಅಲ್ರಿ. ನಾ ಒಂದು ಎಲಿ ಕಿತ್ತಿ ತಿಕ್ಕಿ ಮೂಸಿ ನೋಡೀನ್ರಿ. ಬರೀ ಹುಲ್ಲಿನ ವಾಸನಿ." ಚೀಲ ನನ್ನ ಕೈಗೆ ಕೊಟ್ಟಳು. "ಮಾವ ಅತ್ತಿ ಹೋದ ಮ್ಯಾಲ ಹಾಸಿಗಿನೇ ಬಿಡ್ತಿದ್ದಿಲ್ರಿ. ಈಗ ಮುಂಜಾನಿ ಎದ್ದು ಮಡಿಗಿ ನೀರು ಹಾಕ್ತಾರ. ಅಲ್ಲೇ ಕುಂತು ಚಾ ಕುಡೀತಾರ. ಅವ್ರು ಉಳ್ಳಾಗಡ್ಡಿನೇ ಅಂತ ತಿಳ್ಕೊಂಡಾರ್ರಿ. ಇರ್ಲಿ ಬಿಡ್ರಿ."

ಬಸ್ಸು ಬಂತು. "ಇಲ್ಲವ್ವ, ಹೇಳೂದಿಲ್ಲ" ಎಂದು ಹತ್ತಿದೆ. ಕಿಟಕಿಯಿಂದ ಅವಳ ಕೆನ್ನೆ ಮುಟ್ಟಿದೆ.

ಭಾಲ್ಕಿ ನಿಲ್ದಾಣದಲ್ಲಿ ಬೀದರ್ ಬಸ್ಸು ಕಾಯುತ್ತಾ ಕುಳಿತಾಗ ತಡೆಯಲಾಗಲಿಲ್ಲ. ಜನರ ನಡುವೆಯೇ ಅತ್ತೆ. ಅವ್ವನ ಅವ್ವನಿಂದ ಬಂದದ್ದು ಅಕ್ಕನ ಜೊತೆ ಹೋಯಿತು. ಅದು ಮತ್ತೆ ಏಳುವುದಿಲ್ಲ. ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನಮ್ಮ ಮನೆಯ ಇನ್ನು ಯಾವ ಹುಡುಗಿಯ ಉಡಿಗೂ ಅದು ಬೀಳುವುದಿಲ್ಲ. ಹೇಳಿಕೊಂಡು ಅಳಲು ಭಾತಂಬ್ರಾದಲ್ಲಿ ಇಬ್ಬರಿದ್ದಾರೆ, ಇಬ್ಬರಿಗೂ ಹೇಳುವಂತಿಲ್ಲ.

ಈಗ ವಾರಕ್ಕೊಮ್ಮೆಯಾದರೂ ಫೋನು ಮಾಡುತ್ತೇನೆ. ಬೆಳಿಗ್ಗೆ ಮಾಡಿದರೆ ಆ ಕಡೆ ನೀರು ಚಿಮುಕಿಸುವ ಸದ್ದು ಕೇಳಿಸುತ್ತದೆ. ಕೆಲವೊಮ್ಮೆ ಮಾಮಾ ಎತ್ತುತ್ತಾರೆ, ಕೆಲವೊಮ್ಮೆ ಅಂಬಿಕಾ. ಯಾರೇ ಎತ್ತಲಿ, ನಾನು ಮೊದಲು ಸಸಿ ಹೇಗಿವೆ ಎಂದು ಕೇಳುತ್ತೇನೆ. ಪಕ್ಕದಲ್ಲಿರುವವರಿಗೂ ಕೇಳಲಿ ಎಂದು ಇಬ್ಬರೂ ಗಟ್ಟಿಯಾಗಿಯೇ ಹೇಳುತ್ತಾರೆ, "ಭಾಳ ಛಲೋ ಅವ."

"ನೀರು ಕಡಿಮಿ ಮಾಡಬ್ಯಾಡ್ರಿ" ಎನ್ನುತ್ತೇನೆ ನಾನು.